ಮುದಿ ಅಂಬಾಸಿಡರಿಗೆ ಯಾವ ಇಂಜಿನ್?

ಹಳೆ ಕಾರಿನ ವಿಷಯದಲ್ಲಿ ಸಲಹೆ ಕೊಡುವವರಿಗೆ ನಮ್ಮೂರಿನಲ್ಲಿ ಬರಗಾಲ ಇಲ್ಲ. ಅಡಿಕೆಗೆ ಮದ್ದು ಬಿಡುವವರಿಂದ ಹಿಡಿದು ಶಾಲೆಯ ಸ್ಟಾಫ್ ರೂಮಿನ ವರೆಗೆ ಎಲ್ಲರ ಹತ್ತಿರವೂ ಒಂದೊಂದು ಇಂಜಿನ್ ಉಂಟು. "ಮಾಷ್ಟ್ರೇ, ಇಸುಜು ಹಾಕಿಸಿ, ಕಾರು ಹಾರ್ತದೆ" ಅಂತ ಒಬ್ಬರು. "ಹಾಕಿಸುವ ತಲೆಬಿಸಿ ಯಾಕೆ? ಹಾಕಿಸಿದ್ದೇ ಸಿಗ್ತದೆ, ತೆಕ್ಕೊಳ್ಳಿ" ಅಂತ ಇನ್ನೊಬ್ಬರು. "ಗುಜರಿಗೆ ಕೊಟ್ಟು ಒಂದು ಮಾರುತಿ ತೆಕ್ಕೊಳ್ಳಿ" ಅಂತ ಮೂರನೆಯವರು. (ಈ ಮೂರನೆಯವರ ಜತೆ ನಾವು ಎರಡು ದಿನ ಮಾತು ಬಿಟ್ಟಿದ್ದೆವು!)

ನಾವು ಅಂದರೆ ಮನೆಯ ನಾಲ್ಕು ಜನ. ಇಬ್ಬರು ಕನ್ನಡ ಮೀಡಿಯಂ ಶಾಲೆಯಲ್ಲಿ ಪಾಠ ಹೇಳುವವರು, ಇಬ್ಬರು ಪಾಠ ಕೇಳುವ ವಯಸ್ಸಿನವರು. ಐದನೆಯವರು ದೊಡ್ಡಪ್ಪ. ಕಾರು ಅವರದ್ದು, ಖರ್ಚು ನಮ್ಮದು. ಆದ್ದರಿಂದ ಮತ ಹಾಕುವ ಹಕ್ಕು ಯಾರಿಗೆ ಎಷ್ಟು ಎಂಬುದು ಇವತ್ತಿಗೂ ತೀರ್ಮಾನ ಆಗಿಲ್ಲ.

ಕಾರಿನ ಪರಿಚಯ ಮೊದಲು ಹೇಳಿಬಿಡುತ್ತೇವೆ. 1974ರ ಅಂಬಾಸಿಡರ್ ಮಾರ್ಕ್ 2. ಚೆರ್ಕಳದಿಂದ ಬದಿಯಡ್ಕ, ಪೆರ್ಲ ದಾಟಿ ಕಲ್ಲಡ್ಕಕ್ಕೆ ಹೋಗುವ ದಾರಿಯಲ್ಲಿ ದೊಡ್ಡಪ್ಪ ಇಪ್ಪತ್ತೈದು ವರ್ಷ ಅದನ್ನು ಬಾಡಿಗೆಗೆ ಓಡಿಸಿದರು. ಮದುವೆ ದಿಬ್ಬಣ, ಪುತ್ತೂರಿನ ಪೇಟೆಗೆ ಅಡಿಕೆ ಮೂಟೆ, ರಾತ್ರಿ ಎರಡು ಗಂಟೆಗೆ ಮಂಗಳೂರಿನ ಆಸ್ಪತ್ರೆಗೆ ಹೆರಿಗೆ ನೋವಿನವರು... ಎಲ್ಲರೂ ಅದರಲ್ಲೇ ಹೋದವರು. ಆ ಕಾರಿನ ಹಿಂದಿನ ಸೀಟಿನಲ್ಲೇ ಹುಟ್ಟಿದವರೊಬ್ಬರು ಈಗ ಪೆರ್ಲ ಕಡೆ ಅಂಗಡಿ ಇಟ್ಟಿದ್ದಾರೆ. ದೊಡ್ಡಪ್ಪ ಹೋದರೆ ಚಾದ ದುಡ್ಡು ತೆಗೆದುಕೊಳ್ಳುವುದಿಲ್ಲ.

ಬಾಡಿಗೆ ನಿಲ್ಲಿಸಿದ ಮೇಲೆ ಕಾರು ಖಾಸಗಿ ನೋಂದಣಿಗೆ ಬಂತು. 2023ರ ಮಳೆಗಾಲದ ಹೊತ್ತಿಗೆ ನೀಲಿ ಹೊಗೆ ಉಗುಳಲು ಶುರು ಮಾಡಿತು. ಆಯಿಲ್ ಪ್ರೆಶರ್ ಇಲ್ಲ, ಬೆಳಗ್ಗೆ ಸ್ಟಾರ್ಟ್ ಆಗಬೇಕಾದರೆ ಹೀಟರ್ ಪ್ಲಗ್ಗಿಗೆ ಎರಡು ಸಲ ಕೈಮುಗಿಯಬೇಕು. ಒಂದು ದಿನ ಒಳಗಿನಿಂದ ಕಟಕಟ ಸದ್ದು ಬಂದಾಗ ದೊಡ್ಡಪ್ಪನೇ ಕೀಲಿ ತಿರುಗಿಸಿ ಬಂದ್ ಮಾಡಿದರು. "ಇನ್ನು ಓಡಿಸಿದರೆ ಕ್ರ್ಯಾಂಕ್ ತಿಂದು ಹಾಕ್ತದೆ" ಅಂದರು. ಅಂದಿನಿಂದ ಕಾರು ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿದೆ. ದೊಡ್ಡಪ್ಪನಿಗೆ ಈಗ 83. ಬೇರೆಯವರ ಕಾರಿನಲ್ಲಿ ಕೂತರೆ ಅವರಿಗೆ ತಲೆ ತಿರುಗುತ್ತದಂತೆ. ಅವರ ಆಸೆ ದೊಡ್ಡದೇನೂ ಅಲ್ಲ. ಇನ್ನೊಮ್ಮೆ ಅದೇ ಕಾರಿನಲ್ಲಿ ಮಧೂರಿಗೆ ಹೋಗಿ ಗಣಪತಿಗೆ ಕೈಮುಗಿದು ಬರಬೇಕು, ಅಷ್ಟೆ. ನಮ್ಮ ಲೆಕ್ಕಾಚಾರದಲ್ಲಿ ಹಣಕ್ಕಿಂತ ದೊಡ್ಡ ಸಂಗತಿ ಹಾಗಾಗಿ ಸಮಯವೇ.

ಮೊದಲನೆಯ ದಾರಿ: ನಾವೇ ಕಟ್ಟಿಸುವುದು

ಅಂಬಾಸಿಡರಿಗೆ ಇಸುಜು ಇಂಜಿನ್ ಹಾಕಿಸುವುದು ಹುಚ್ಚು ಯೋಚನೆ ಅಲ್ಲ. ಕಂಪನಿಯೇ ಆ ಕೆಲಸ ಮಾಡಿತ್ತು. ಹಿಂದೂಸ್ತಾನ್ ಮೋಟಾರ್ಸ್‌ನವರು 1984ರಲ್ಲಿ ಕಾಂಟೆಸ್ಸಾ ತಂದಾಗ ಆ ದೊಡ್ಡ ಮೈಗೆ ಅಂಬಾಸಿಡರಿನ 1489 ಸಿಸಿ ಇಂಜಿನನ್ನೇ ಕೊಟ್ಟಿದ್ದರು. ಎಮ್ಮೆಗೆ ಆಡಿನ ಕಾಲು ಕಟ್ಟಿದ ಹಾಗೆ ಆಯಿತು. ಆಮೇಲೆ ಜಪಾನಿನ ಇಸುಜು ಕಂಪನಿಯ 1.8 ಲೀಟರ್ ಪೆಟ್ರೋಲ್ ಇಂಜಿನ್ ಬಂತು, ಕಾಂಟೆಸ್ಸಾ ನಿಜವಾಗಿ ಓಡಲು ಕಲಿಯಿತು. 1990ರ ದಶಕದ ಆರಂಭದಲ್ಲಿ ಅದೇ 1817 ಸಿಸಿ ಇಂಜಿನ್, ಐದು ಗೇರಿನ ಪೆಟ್ಟಿಗೆ ಸಮೇತ, ಅಂಬಾಸಿಡರಿಗೂ ಬಂತು. ಸುಮಾರು 75 ಅಶ್ವಶಕ್ತಿ. ನಮ್ಮ ಶೆಡ್ಡಿನಲ್ಲಿರುವ ಡೀಸೆಲ್ ಇಂಜಿನಿನದ್ದು 37. ಅಂದರೆ ಎರಡು ಪಟ್ಟು!

ಹಾಗಾದರೆ ಇಂಜಿನ್ ತಂದು ಬೋಲ್ಟ್ ಬಿಗಿದರೆ ಆಯಿತಲ್ಲ ಅಂತ ಮಗ ಕೇಳಿದ. ಅವನು ಕೇಳಿದ ಪ್ರಶ್ನೆಯನ್ನೇ ನಾವು ಮೆಕ್ಯಾನಿಕ್ಕಿನ ಹತ್ತಿರ ಕೇಳಿದೆವು. ಅವರು ಹಳೆ ಟ್ಯಾಕ್ಸಿಗಳ ಕಾಲದವರು, ಕೈಯ ಗ್ರೀಸ್ ಒರೆಸಿಕೊಂಡು ಒಂದೊಂದಾಗಿ ಬೆರಳು ಮಡಚಿದರು. ಇಂಜಿನ್ ಕೂರಿಸುವ ಮೌಂಟಿಂಗ್ ಹೊಸದಾಗಿ ಮಾಡಬೇಕು. ಗೇರ್ ಪೆಟ್ಟಿಗೆಯ ಅಡಿಯ ಕ್ರಾಸ್ ಮೆಂಬರ್ ಜಾಗ ಬದಲಾಗುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅಳತೆಗೆ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು, ಇಲ್ಲದಿದ್ದರೆ ಅರುವತ್ತರ ವೇಗದಲ್ಲಿ ಕಾರಿಗೆ ಚಳಿಜ್ವರ. ಸ್ಟೇರಿಂಗ್ ಪಕ್ಕದ ಗೇರ್ ಕೋಲು ಹೋಗಿ ಕೆಳಗೆ ಬರುತ್ತದೆ, ಅದಕ್ಕೆ ನೆಲ ಕತ್ತರಿಸಬೇಕು. ರೇಡಿಯೇಟರ್ ದೊಡ್ಡದು ಬೇಕು. ಸೈಲೆನ್ಸರ್ ಪೈಪ್ ಹೊಸ ದಾರಿ ಹುಡುಕಬೇಕು. ಡೀಸೆಲಿಗೆ ಅಂತ ಇದ್ದ ಟ್ಯಾಂಕು, ಪೈಪು ಎಲ್ಲ ತೊಳೆದು ಪೆಟ್ರೋಲಿಗೆ ಸಜ್ಜು ಮಾಡಬೇಕು. ವಯರಿಂಗ್ ಬೇರೆ.

ಬೆರಳು ಮುಗಿದ ಮೇಲೆ ಅವರು ಹೇಳಿದ ಮಾತು ಎಲ್ಲಕ್ಕಿಂತ ಮುಖ್ಯ. "ಟೀಚರೇ, ಓಡುವ ಶಕ್ತಿ ಹಾಕುವ ಮೊದಲು ನಿಲ್ಲುವ ಶಕ್ತಿ ಹಾಕಬೇಕು. ಈ ಗಾಡಿಗೆ ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು, ಬೂಸ್ಟರ್ ಇಲ್ಲ. ಇದಕ್ಕೆ 75 ಕುದುರೆ ಕಟ್ಟಿ ಹೈವೇಗೆ ಬಿಟ್ಟರೆ ಮುಂದಿನ ಲಾರಿಯ ಹಿಂದೆ ಹೋಗಿಯೇ ನಿಲ್ಲುವುದು." ಅಂದರೆ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಬೂಸ್ಟರ್, ಹೊಸ ಮಾಸ್ಟರ್ ಸಿಲಿಂಡರ್. ಪಟ್ಟಿ ಉದ್ದ ಆಗುತ್ತಾ ಹೋಯಿತು.

ಅವರು ಕೊಟ್ಟ ಅಂದಾಜು 3,20,000 ರೂಪಾಯಿ. ಸಮಯ? "ಎಂಟು ತಿಂಗಳು ಅಂತ ಹೇಳ್ತೇನೆ, ಒಂದು ವರ್ಷ ಅಂತ ತಿಳ್ಕೊಳ್ಳಿ." ಪ್ರಾಮಾಣಿಕ ಮನುಷ್ಯ.

ಎರಡನೆಯ ದಾರಿ: ಕಟ್ಟಿದ್ದನ್ನು ಕೊಳ್ಳುವುದು

ಮಂಗಳೂರಿನ ಕಡೆ ಇಸುಜು ಹಾಕಿದ ಮಾರ್ಕ್ 3 ಒಂದು ಮಾರಾಟಕ್ಕಿದೆ ಎಂದು ಗೊತ್ತಾಗಿ ಒಂದು ಆದಿತ್ಯವಾರ ನಾವೆಲ್ಲ ಹೊರಟೆವು. ಸುಳ್ಳು ಯಾಕೆ ಹೇಳಬೇಕು, ನೋಡಿದ ಕೂಡಲೇ ಮನಸ್ಸು ಜಾರಿತು. ಕೆನೆಬಣ್ಣ, ಹೊಸ ಸೀಟು, ಹೊಳೆಯುವ ಬಂಪರ್. ಓಡಿಸಿದಾಗ ಇನ್ನೂ ಜಾರಿತು. ಐದನೇ ಗೇರಿನಲ್ಲಿ 80ರ ವೇಗದಲ್ಲಿ ಒಳಗೆ ಮಾತಾಡಬಹುದು ಮಾರಾಯ್ರೇ! ನಮ್ಮ ಡೀಸೆಲಿನಲ್ಲಿ 50 ದಾಟಿದರೆ ಮಾತೆಲ್ಲ ಕೈಸನ್ನೆಯಲ್ಲೇ. ಕೇಳಿದ ಬೆಲೆ 4,75,000. ಕಟ್ಟಿಸುವುದಕ್ಕಿಂತ ಹೆಚ್ಚು ನಿಜ, ಆದರೆ ನಾಳೆಯೇ ಮನೆಗೆ ತರಬಹುದು. ಒಂದು ವರ್ಷ ಕಾಯಬೇಕಿಲ್ಲ. ದೊಡ್ಡಪ್ಪನ ವಯಸ್ಸು ನೆನಪಾದಾಗ ಇದು ಸಣ್ಣ ಮಾತಲ್ಲ.

ಆದರೆ ಪಾಠ ಹೇಳುವವರ ಬುದ್ಧಿ ನೋಡಿ, ಉತ್ತರಪತ್ರಿಕೆ ಸಿಕ್ಕಿದರೆ ತಿದ್ದದೆ ಬಿಡುವುದಿಲ್ಲ. ಆರ್‌ಸಿ ಪುಸ್ತಕ ಕೇಳಿದೆವು. ಇಂಜಿನ್ ನಂಬರ್ ಓದಿ, ಬಾನೆಟ್ ಎತ್ತಿ, ಬ್ಲಾಕಿನ ಮೇಲಿನ ಎಣ್ಣೆ ಒರೆಸಿ ನಂಬರ್ ಹುಡುಕಿದೆವು. ಎರಡಕ್ಕೂ ಸಂಬಂಧವೇ ಇಲ್ಲ. ಪುಸ್ತಕದಲ್ಲಿ 1489 ಸಿಸಿ, ಬಾನೆಟ್ಟಿನ ಅಡಿಯಲ್ಲಿ 1817. ಮಾರುವವರು ನಕ್ಕರು. "ಯಾರು ನೋಡ್ತಾರೆ ಸಾರ್, ಆರು ವರ್ಷದಿಂದ ಹೀಗೇ ಓಡಿಸ್ತಿದ್ದೇನೆ" ಅಂದರು.

ಯಾರೂ ನೋಡದಿದ್ದರೆ ಸರಿ. ಆದರೆ ನೋಡುವ ದಿನ ಯಾವುದು? ಅಪಘಾತದ ದಿನ. ವಿಮೆ ಇರುವುದು ಪುಸ್ತಕದಲ್ಲಿರುವ ಗಾಡಿಗೆ. ಇಂಜಿನೇ ಬೇರೆ ಅಂದಮೇಲೆ ಪರಿಹಾರ ಕೇಳುವಾಗ ತಕರಾರು ಬಾರದೆ ಇರುತ್ತದೆಯೇ?

ಇನ್ನೊಂದು ತೊಡಕು ಗಡಿಯಲ್ಲಿ ಇರುವ ನಮ್ಮಂಥವರಿಗೇ ಬಂದದ್ದು. ಮಂಗಳೂರಿಗೂ ನಮಗೂ ಮಾತು ಒಂದೇ, ಊಟ ಒಂದೇ, ಆದರೆ ಗಾಡಿಗೆ ರಾಜ್ಯ ಬೇರೆ. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಕೆಎ 19 ಹೋಗಿ ಕೆಎಲ್ 14 ಆಗಬೇಕು. ಅದಕ್ಕೆ ಅಲ್ಲಿಂದ ನಿರಾಕ್ಷೇಪಣಾ ಪತ್ರ, ಇಲ್ಲಿ ತೆರಿಗೆ, ಎಲ್ಲಕ್ಕೂ ಮೊದಲು ಇನ್‌ಸ್ಪೆಕ್ಟರ್ ಕಣ್ಣಮುಂದೆ ಗಾಡಿ ನಿಲ್ಲಿಸುವುದು. "ಯಾರು ನೋಡ್ತಾರೆ" ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಗುತ್ತದೆ. ಅದೇ ರಾಜ್ಯದೊಳಗೆ ಕೊಳ್ಳುವವರಿಗೆ ಕಣ್ಣಿಗೆ ಬೀಳದ ದೋಷ, ತಲಪಾಡಿ ದಾಟಿಸುವ ನಮಗೆ ಮೊದಲ ದಿನವೇ ಎದುರಿಗೆ ಬರುತ್ತದೆ.

ಕಾಯ್ದೆ ಏನು ಹೇಳುತ್ತದೆ?

ಮನೆಗೆ ಬಂದು 52ನೇ ಸೆಕ್ಷನ್ ಓದಿದೆವು. ಗಾಡಿಯ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆ ಆಗುವಂತೆ ಮಾಲೀಕ ಗಾಡಿಯನ್ನು ಬದಲಾಯಿಸಬಾರದು ಎನ್ನುವುದು ಅದರ ತಿರುಳು. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಆ ಪ್ರಕರಣ ಹೋದದ್ದು ನಮ್ಮ ಕೇರಳದಿಂದಲೇ. ಹೈಕೋರ್ಟು ಕೊಟ್ಟಿದ್ದ ಸಡಿಲಿಕೆ ಅಲ್ಲಿ ನಿಲ್ಲಲಿಲ್ಲ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಮುಂತಾದ ಬೇರೆ ಇಂಧನಕ್ಕೆ ಅಂಗೀಕೃತ ಕಿಟ್ ಹಾಕಿಸಲು ಮಾತ್ರ ಕಾಯ್ದೆಯಲ್ಲೇ ಬಾಗಿಲು ಉಂಟು, ಅದೂ ನಿಬಂಧನೆಗಳೊಂದಿಗೆ.

ಬ್ಯಾಟರಿ ಅಂದಕೂಡಲೇ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಸೋದರಳಿಯ ಫೋನಿನಲ್ಲಿ ಉತ್ಸಾಹದಿಂದ ಎಲೆಕ್ಟ್ರಿಕ್ ಮಾಡಿಸಿ ಅಂದ. ದೊಡ್ಡಪ್ಪನಿಗೆ ಹೇಳಿದೆವು. "ಶಬ್ದವೇ ಇಲ್ಲದ ಕಾರಾ? ಗೇಟಿನ ಹತ್ತಿರ ಬಂದದ್ದು ಮನೆಯವರಿಗೆ ಗೊತ್ತಾಗುವುದು ಹೇಗೆ?" ಅಂದರು. ಖರ್ಚು ಕೇಳಿದ ಮೇಲೆ ನಾವೂ ಅವರ ಪಕ್ಷ ಸೇರಿದೆವು.

ಇನ್ನೊಂದು ಬಾಗಿಲೂ ಇದೆಯಲ್ಲ ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ನೆನಪಿಸಿದರು: ವಿಂಟೇಜ್ ನೋಂದಣಿ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಇದಕ್ಕೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರು, ಬೈಕುಗಳಿಗೆ "ವಿಎ" ಅಕ್ಷರ ಇರುವ ಪ್ರತ್ಯೇಕ ನಂಬರ್. ನಮ್ಮ ಕಾರಿಗೆ 50 ದಾಟಿದೆ, ನಿಜ. ಆದರೆ ಷರತ್ತು ಓದಿದರೆ ಚಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲಿ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಸಾಲದ್ದಕ್ಕೆ ಆ ನಂಬರಿನ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿಗಳಿಗೆ ಸರಿ. ಮಧೂರು, ಪೇಟೆ, ಶಾಲೆ ಅಂತ ಓಡಾಡುವವರಿಗೆ ಅಲ್ಲ.

ಮತ್ತೆ, ನಮ್ಮ ಕಾರು ಮೂಲರೂಪದಲ್ಲಿ ಎಲ್ಲಿದೆ?

ದೊಡ್ಡಪ್ಪನ 1986

ಇಷ್ಟು ಹೊತ್ತು ಡೀಸೆಲ್ ಡೀಸೆಲ್ ಅಂತ ಹೇಳುತ್ತಿದ್ದೇವಲ್ಲ, ಕಾರಿನ ಇತಿಹಾಸ ಬಲ್ಲವರು ಆಗಲೇ ಹುಬ್ಬೇರಿಸಿರುತ್ತಾರೆ. 1974ರಲ್ಲಿ ಅಂಬಾಸಿಡರಿಗೆ ಡೀಸೆಲ್ ಇಂಜಿನ್ ಎಲ್ಲಿತ್ತು? ಇರಲಿಲ್ಲ. ನಮ್ಮದು ಹುಟ್ಟಿದ್ದು ಪೆಟ್ರೋಲ್ ಕಾರಾಗಿಯೇ. 1980ರ ಹೊತ್ತಿಗೆ ಕಂಪನಿಯ ಡೀಸೆಲ್ ಅಂಬಾಸಿಡರ್ ಬಂದಮೇಲೆ ಬಾಡಿಗೆ ಗಾಡಿಯವರೆಲ್ಲ ಅತ್ತ ತಿರುಗಿದರು, ಯಾಕೆಂದರೆ ಡೀಸೆಲ್ ಅಗ್ಗ. ಹೊಸ ಗಾಡಿ ಕೊಳ್ಳಲು ದುಡ್ಡಿಲ್ಲದವರು ಇಂಜಿನ್ ಮಾತ್ರ ಬದಲಾಯಿಸಿದರು. ದೊಡ್ಡಪ್ಪ ಆ ಸಾಲಿನವರು. 1986ರಲ್ಲಿ ಮಂಗಳೂರಿನಲ್ಲಿ ಅಪಘಾತವಾಗಿ ನಿಂತಿದ್ದ ಡೀಸೆಲ್ ಅಂಬಾಸಿಡರಿನ ಇಂಜಿನನ್ನು ಲಾರಿಯಲ್ಲಿ ಹಾಕಿಸಿ ತಂದರು. ಪೆಟ್ರೋಲ್ ಮತ್ತು ಡೀಸೆಲ್ ಎರಡೂ ಬಿಎಂಸಿ ಬಿ ಸೀರೀಸ್ ಎಂಬ ಒಂದೇ ಇಂಗ್ಲಿಷ್ ಮನೆತನದ ಇಂಜಿನುಗಳು, ಎರಡೂ 1489 ಸಿಸಿ. ಅಣ್ಣ ಎದ್ದ ಜಾಗದಲ್ಲಿ ತಮ್ಮ ಕೂತ ಹಾಗೆ, ನೆಲ ಕತ್ತರಿಸುವ ಕೆಲಸ ಬೀಳಲಿಲ್ಲ.

ಎಲ್ಲಕ್ಕಿಂತ ಮುಖ್ಯ, ದೊಡ್ಡಪ್ಪ ಬಾಡಿಗೆ ಗಾಡಿಯವರು. ಪೊಲೀಸರು ನಿಲ್ಲಿಸದ ದಿನ ಇರುತ್ತಿರಲಿಲ್ಲ. ಆದ್ದರಿಂದ ಕಚೇರಿಗೆ ಹೋಗಿ, ಅರ್ಜಿ ಕೊಟ್ಟು, ಗಾಡಿ ತೋರಿಸಿ, ಹೊಸ ಇಂಜಿನ್ ನಂಬರನ್ನೂ ಇಂಧನ ಡೀಸೆಲ್ ಎಂಬುದನ್ನೂ ಪುಸ್ತಕದಲ್ಲಿ ಬರೆಸಿ ಸೀಲು ಹೊಡೆಸಿಕೊಂಡು ಬಂದರು. ಅದು 1939ರ ಹಳೆ ಕಾಯ್ದೆಯ ಕಾಲ, ಅನುಮತಿ ತೆಗೆದುಕೊಂಡು ಬದಲಾಯಿಸಲು ಅವಕಾಶವಿತ್ತು. ಆ ದಾಖಲೆ ಅಂದಿನಿಂದ ಇಂದಿನ ವರೆಗೆ ಪ್ರತಿ ನವೀಕರಣದಲ್ಲೂ ಮುಂದುವರಿದು ಬಂದಿದೆ.

ಆ ಹಳದಿಯಾದ ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟು ಕೂತಾಗ ನಮಗೆ ಪ್ರಶ್ನೆಯ ಆಕಾರವೇ ಬದಲಾದಂತೆ ಕಂಡಿತು. ಇಂಜಿನ್ ಬದಲಾಯಿಸಿದ ಹಳೆ ಕಾರನ್ನು ಕಟ್ಟಿಸಬೇಕೋ ಕೊಳ್ಳಬೇಕೋ ಅಂತ ತಲೆಕೆಡಿಸಿಕೊಂಡಿದ್ದೆವಲ್ಲ, ಅಂಥದ್ದೊಂದು ಕಾರು, ಅದೂ ಕಾಗದಪತ್ರ ಚೊಕ್ಕವಾಗಿರುವುದು, ಶೆಡ್ಡಿನಲ್ಲೇ ನಿಂತಿದೆ. ಅದನ್ನು ಬಿಚ್ಚಿ ಕಾಗದಕ್ಕೆ ಹೊಂದದ ಇನ್ನೊಂದನ್ನು ಮಾಡಲು 3,20,000 ಕೊಡುವುದೇಕೆ?

ಮಗಳು ಮಾತ್ರ ಒಪ್ಪಲಿಲ್ಲ. "ದೊಡ್ಡಜ್ಜ ಆವತ್ತು ಬದಲಾಯಿಸಿದ್ದು ಸರಿ, ನಾವು ಇವತ್ತು ಬದಲಾಯಿಸಿದರೆ ತಪ್ಪಾ?" ಒಳ್ಳೆಯ ಪ್ರಶ್ನೆ. ದೊಡ್ಡಪ್ಪನಿಗೆ ಇಂಜಿನಿನ ಮೇಲೆ ಪೂಜ್ಯಭಾವವೇನೂ ಇಲ್ಲ. ಅವರ ಮಾತಿನಲ್ಲೇ ಹೇಳುವುದಾದರೆ, "ಎತ್ತು ಮುದಿಯಾಯಿತು ಅಂತ ಗಾಡಿ ಸುಡ್ತಾರಾ? ಬೇರೆ ಎತ್ತು ಕಟ್ತಾರೆ." ಆದರೆ ಅವರು ಎತ್ತು ಬದಲಾಯಿಸಿದ್ದು ಹೊಟ್ಟೆಪಾಡಿಗೆ, ಕಾಯ್ದೆ ಬಿಡುವ ಕಾಲದಲ್ಲಿ, ಬರೆಸಿಕೊಂಡು. ನಾವು ಬದಲಾಯಿಸಲು ಹೊರಟದ್ದು 80ರ ವೇಗದ ಖುಷಿಗೆ, ಕಾಯ್ದೆ ಬಿಡದ ಕಾಲದಲ್ಲಿ, ಯಾರೂ ನೋಡಲಾರರು ಎಂಬ ಧೈರ್ಯದಲ್ಲಿ. ಬೆಳಗ್ಗೆ ಎದ್ದು ಮಕ್ಕಳಿಗೆ ನಿಯಮ ಹೇಳುವ ಕೆಲಸದವರು ನಾವು. ಮನೆಯ ಶೆಡ್ಡಿನಲ್ಲಿ ಸುಳ್ಳು ನಂಬರಿನ ಇಂಜಿನ್ ಇಟ್ಟುಕೊಂಡರೆ ನಿದ್ರೆ ಬರಲಿಕ್ಕಿಲ್ಲ.

ಕೊನೆಗೆ ಮಾಡಿದ್ದು

ಇಂಜಿನ್ ಇಳಿಸಿ ಬಿಚ್ಚಿಸಿದೆವು. ಬ್ಲಾಕ್ ಒಡೆದಿಲ್ಲ. ಎರಡು ಸಿಲಿಂಡರಿನ ಸ್ಲೀವು ಗೀರಿದೆ, ಒಂದು ಪಿಸ್ಟನ್ನಿನ ರಿಂಗ್ ತುಂಡಾಗಿದೆ, ಬೇರಿಂಗ್ ಸವೆದಿದೆ, ಕ್ರ್ಯಾಂಕ್ ಗ್ರೈಂಡಿಂಗ್‌ನಲ್ಲಿ ಸರಿಯಾಗುವಷ್ಟೇ ಕೆಟ್ಟಿದೆ. ದೊಡ್ಡಪ್ಪ ಸರಿಯಾದ ಹೊತ್ತಿಗೆ ಕೀಲಿ ತಿರುಗಿಸಿದ್ದರು. ಸ್ಲೀವು, ಪಿಸ್ಟನ್, ಬೇರಿಂಗು, ವಾಲ್ವು, ಪಂಪು ಮತ್ತು ನಾಜಲ್ ಸರ್ವೀಸು, ಜತೆಗೆ ನಾಲ್ಕೂ ಚಕ್ರದ ಬ್ರೇಕ್ ಹೊಸದು: ಒಟ್ಟು ಅಂದಾಜು 1,15,000. ಸಮಯ ಮೂರು ತಿಂಗಳು. ಬ್ಲಾಕ್ ಅದೇ, ನಂಬರ್ ಅದೇ, ಯಾರ ಅನುಮತಿಯೂ ಬೇಡ. ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತರೂ ಅಷ್ಟು ವರ್ಷ ಅಷ್ಟು ಟ್ಯಾಕ್ಸಿಗಳು ಓಡಿದ್ದರಿಂದ ಈ ಇಂಜಿನಿನ ಸಾಮಾನು ಹುಡುಕಿದರೆ ಇನ್ನೂ ಸಿಗುತ್ತದೆ. ಇನ್ನೊಂದು ಲಾಭ: 2025ರ ಹೊತ್ತಿಗೆ ಬಂಕುಗಳಲ್ಲೆಲ್ಲ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲೇ ಬಂತು. ಹಳೆ ಕಾರ್ಬುರೇಟರಿನ ರಬ್ಬರ್ ಪೈಪು, ವಾಷರುಗಳಿಗೆ ಅದು ಒಗ್ಗುವುದಿಲ್ಲ. ಇಸುಜು ಹಾಕಿಸಿದ್ದರೆ ಆ ಚಿಂತೆಯೂ ತಲೆಗೆ ಬರುತ್ತಿತ್ತು.

ಕಳಕೊಂಡದ್ದು ಇಲ್ಲ ಅಂತಲ್ಲ. 37 ಅಶ್ವಶಕ್ತಿ ಮುಂದೆಯೂ 37 ಅಶ್ವಶಕ್ತಿಯೇ. ಹೊಸ ಆರು ಪಥದ ಹೈವೇಯಲ್ಲಿ ಎಲ್ಲರೂ ನಮ್ಮನ್ನು ದಾಟಿ ಹೋಗುತ್ತಾರೆ, ಏರುದಾರಿಯಲ್ಲಿ ಆಟೋರಿಕ್ಷಾದವರೂ ಹಾರ್ನ್ ಹೊಡೆಯುತ್ತಾರೆ. ನವೀಕರಣದ ಖರ್ಚು ಬೇರೆ. 15 ವರ್ಷ ದಾಟಿದ ಕಾರಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಲ್ಲಿ 5,000 ಆಯಿತು, 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವಕ್ಕೆ 10,000 ಎಂದು ಕೇಂದ್ರದ ಅಧಿಸೂಚನೆ ಬಂತು. ನಮ್ಮ ಪಾಳಿ 2027ಕ್ಕೆ. ಹಳೆ ಕಾರು ಸಾಕುವುದು ಹಳೆ ಆನೆ ಸಾಕಿದ ಹಾಗೆ, ಗೊತ್ತಿದ್ದೇ ಸಾಕಬೇಕು.

ನಿಮ್ಮಲ್ಲಿ ಯಾರಾದರೂ ಇಂಥ ಯೋಚನೆಯಲ್ಲಿದ್ದರೆ ನಮ್ಮ ಅನುಭವದಿಂದ ಇಷ್ಟು ಹೇಳಬಹುದು. ಕಟ್ಟಿಸುವುದಾದರೆ ಇಂಜಿನಿಗೆ ಮುಂಗಡ ಕೊಡುವ ಮೊದಲು ಆರ್‌ಟಿಒ ಕಚೇರಿಯ ಅನುಮತಿ ಕಾಗದದಲ್ಲಿ ಬರಲಿ. ಕೊಳ್ಳುವುದಾದರೆ ಬಣ್ಣ ನೋಡುವ ಮೊದಲು ಪುಸ್ತಕ ನೋಡಿ: ಇಂಜಿನ್ ನಂಬರ್, ಚಾಸಿ ನಂಬರ್, ಸಿಸಿ, ಇಂಧನ, ಈ ನಾಲ್ಕೂ ಗಾಡಿಯ ಜತೆ ಹೊಂದಬೇಕು. ಆಮೇಲೆ ಗಾಡಿಯ ಅಡಿಗೆ ತಲೆ ಹಾಕಿ ಮೌಂಟಿಂಗಿನ ವೆಲ್ಡಿಂಗ್ ನೋಡಿ, ಏರು ಹತ್ತಿಸಿ ನೀರಿನ ಬಿಸಿ ನೋಡಿ, ಅರುವತ್ತರಲ್ಲಿ ನಡುಕ ನೋಡಿ, ಬ್ರೇಕ್ ಎರಡೆರಡು ಸಲ ಒತ್ತಿ ನೋಡಿ. ನಾಲ್ಕು ಹೊಂದಿ, ಇಷ್ಟೂ ಸರಿ ಇದ್ದರೆ ಕಟ್ಟಿಸುವುದಕ್ಕಿಂತ ಕೊಳ್ಳುವುದೇ ಲೇಸು. ಕಟ್ಟಿದವರ ಕಷ್ಟಕ್ಕೆ ನೀವು ಕೊಡುವ ಬೆಲೆ ಯಾವಾಗಲೂ ಕಡಿಮೆಯೇ.

ಬ್ಲಾಕ್ ಈಗ ಮಂಗಳೂರಿನಲ್ಲಿ ಸ್ಲೀವು ಹಾಕಲು ಹೋಗಿದೆ. ದೊಡ್ಡಪ್ಪ ದಿನಾ ಸಂಜೆ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. ಮೆಕ್ಯಾನಿಕ್ಕು ಒಂದೇ ಉತ್ತರ ಕೊಡುತ್ತಾರೆ: "ಮುಂದಿನ ವಾರ." ಮಗ ಅಂಬಾಸಿಡರಿನ ಸೀಟಿನ ಮೇಲಿನ ಧೂಳು ಹೊಡೆದು, ಟಯರಿಗೆ ಗಾಳಿ ಹಾಕಿಸಿ ಇಟ್ಟಿದ್ದಾನೆ. ಮಧೂರಿಗೆ ಹೋಗುವಾಗ ಮುಂದಿನ ಸೀಟು ಯಾರಿಗೆ ಎಂಬ ಜಗಳ ಈಗಲೇ ಶುರುವಾಗಿದೆ.